ಚೂರಿ ಅದ್ದಿ ನೋಡುವುದು

ನೀರು ನೋಡುವವರನ್ನು ಕರೆಸಿ, ಅವರು ತೋರಿಸಿದ ಜಾಗದಲ್ಲಿ ಬೋರ್‌ವೆಲ್ ಕೊರೆಸಿದೆ. ಬರೀ ಹುಡಿ ಬಂತು. ಮರುವರ್ಷ ಮತ್ತೆ ಅವರನ್ನೇ ಕರೆಸಿದೆ. ಕಾಸರಗೋಡಿನ ಬದಿಯಡ್ಕ ಸುತ್ತಮುತ್ತ ಮೂರು ಮನೆಗೆ ಅವರ ಕೈಗುಣದಿಂದ ನೀರು ಸಿಕ್ಕಿದೆ ಎಂದು ಕೇಳಿದ್ದೆನಲ್ಲ, ಅದೇ ಧೈರ್ಯ. ಆಗಲೂ ಹುಡಿಯೇ. ಎರಡು ವರ್ಷದ ಅಡಿಕೆ ದುಡ್ಡು ಮಣ್ಣಿಗೆ ಹೋಯಿತು.

ನಾನು ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರವಾಗಿ ಅರ್ಥ ಹೇಳುವವನು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಆಸುಪಾಸಿನಲ್ಲಿ ಹುಟ್ಟಿದವರಿಗೆ ಆ ಹುಚ್ಚು ಸಹಜ. ಇವತ್ತು ವಾಲಿಯಾಗಿ ರಾಮನನ್ನು ಪ್ರಶ್ನೆಯಲ್ಲೇ ಕಟ್ಟಿಹಾಕಬೇಕು. ಮುಂದಿನ ಕೂಟದಲ್ಲಿ ರಾಮನಾಗಿ ಅದೇ ಪ್ರಶ್ನೆಗೆ ಉತ್ತರ ಕೊಡಬೇಕು. ಎದುರಿನವರ ಮಾತನ್ನು ಗಮನ ಇಟ್ಟು ಕೇಳಲು ನಾನು ಕಲಿತದ್ದು ಅಲ್ಲಿಯೇ. ಆದರೆ ವಾದ ಮಾಡಲು ಬಂದರೆ ಯೋಚನೆ ಮಾಡಲೂ ಬಂತು ಎಂದುಕೊಂಡಿದ್ದೆ. ಅದು ತಪ್ಪು. ಕೂಟದಲ್ಲಿ ಪಕ್ಷ ಮೊದಲೇ ನಿಗದಿಯಾಗಿರುತ್ತದೆ, ಅದಕ್ಕೆ ಬೇಕಾದ ಆಧಾರ ಹುಡುಕುವುದಷ್ಟೇ ನಮ್ಮ ಕೆಲಸ. ಬೋರ್‌ವೆಲ್ ವಿಷಯದಲ್ಲೂ ನಾನು ಅದನ್ನೇ ಮಾಡಿದ್ದೆ.

ಇದು ಗೊತ್ತಾದದ್ದು ಅಕ್ಕನ ಮಗನಿಂದ. ಜಗಲಿಯಲ್ಲಿ ಕೂತು ಕೇಳಿದ, "ಮಾವ, 2, 4, 6 ಒಂದು ನಿಯಮದ ಪ್ರಕಾರ ಇದೆ. ನೀವು ಮೂರು ಮೂರು ಸಂಖ್ಯೆ ಹೇಳಿ. ಸರಿಯಾ ಇಲ್ವಾ ಅಂತ ಹೇಳ್ತೇನೆ, ನಿಯಮ ಕಂಡುಹಿಡಿಯಿರಿ." 8, 10, 12 ಅಂದೆ. ಸರಿ. 20, 22, 24. ಅದೂ ಸರಿ. "ಎರಡೆರಡು ಕೂಡಿಸುತ್ತಾ ಹೋಗುವುದು" ಎಂದೆ. ಅಲ್ಲವಂತೆ! ಸಂಖ್ಯೆ ಏರುತ್ತಾ ಹೋದರೆ ಸಾಕು, ಅಷ್ಟೇ ನಿಯಮ. 1, 2, 50 ಆದರೂ ಸರಿ. ಪೀಟರ್ ವಾಸನ್ ಎಂಬ ಮನಶ್ಶಾಸ್ತ್ರಜ್ಞ 1960ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಹೆಚ್ಚಿನವರು ನನ್ನ ಹಾಗೆಯೇ ತಮ್ಮ ಊಹೆಗೆ ಹೊಂದುವುದನ್ನೇ ಕೇಳುತ್ತಾ ಹೋಗಿದ್ದರು. ಊಹೆ ಮುರಿಯುವಂಥ ಸಂಖ್ಯೆ ನಾನು ಒಂದನ್ನೂ ಕೇಳಿರಲಿಲ್ಲ.

ರಾತ್ರಿ ಮಲಗಿದಾಗ ಬೋರ್ಡೋ ದ್ರಾವಣ ನೆನಪಾಯಿತು. ಅಡಿಕೆಯ ಕೊಳೆರೋಗಕ್ಕೆ ವರ್ಷವೂ ಬಿಡುವುದು ತಾನೇ? 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಸುಣ್ಣ ಸ್ವಲ್ಪ ಕಮ್ಮಿಯಾದರೂ ದ್ರಾವಣ ಚೆಂದಕ್ಕೆ ನೀಲಿಯಾಗಿಯೇ ಕಾಣುತ್ತದೆ. ಬಣ್ಣ ನೋಡಿ ನಂಬಿದರೆ ಎಳೆ ಕಾಯಿ ಸುಟ್ಟೀತು. ಅದಕ್ಕೇ ಉಜ್ಜಿದ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ಎತ್ತುವುದು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ತಪ್ಪಿದ್ದರೆ ಮಾತ್ರ ಕೆಂಪಾಗುವ ಪರೀಕ್ಷೆ. ತೋಟದಲ್ಲಿ ಇಷ್ಟು ವರ್ಷ ಮಾಡಿದ್ದನ್ನು ನನ್ನ ನಂಬಿಕೆಗಳಿಗೆ ಒಮ್ಮೆಯೂ ಮಾಡಿರಲಿಲ್ಲ.

ಮರುದಿನ ನೋಟ್‌ಬುಕ್ಕಿನಲ್ಲಿ ನಾಲ್ಕು ಕೋಣೆ ಎಳೆದೆ. ಜಾಗ ನೋಡಿಸಿ ನೀರು ಸಿಕ್ಕವರು, ನೋಡಿಸಿಯೂ ಸಿಗದವರು, ನೋಡಿಸದೆ ಸಿಕ್ಕವರು, ನೋಡಿಸದೆ ಸಿಗದವರು. ಮೊದಲ ಕೋಣೆಯ ಕತೆ ಮಾತ್ರ ಊರಲ್ಲಿ ಓಡಾಡುತ್ತದೆ. ಉಳಿದ ಮೂರಕ್ಕೆ ನಾವೇ ಹೋಗಿ ಕೇಳಬೇಕು. ಒಂದು ಮನೆಯಲ್ಲಿ ಎರಡು ಬೋರ್‌ವೆಲ್‌ನಲ್ಲಿ ನೀರು ಸಿಗದೇ ಹೋದದ್ದು ನನಗೆ ಗೊತ್ತೇ ಇರಲಿಲ್ಲ. "ಹೇಳಿ ಎಂತ ಪ್ರಯೋಜನ ಭಾವ?" ಎಂದರು ಆ ಮನೆಯವರು. ನಾಲ್ಕು ತಿಂಗಳು ತುಂಬಿಸಿದ ಮೇಲೆ ನೋಡಿದರೆ, ನೋಡಿಸಿದವರಿಗೂ ನೋಡಿಸದವರಿಗೂ ಹೇಳುವಂಥ ವ್ಯತ್ಯಾಸ ಇರಲಿಲ್ಲ. ನನ್ನ ಪಟ್ಟಿ ಸಣ್ಣದು, ಅದರಿಂದ ಎಲ್ಲ ತೀರ್ಮಾನ ಆಗುವುದಿಲ್ಲ. ಮೂರನೇ ಬೋರ್‌ವೆಲ್ ನಿಲ್ಲಿಸಲು ಮಾತ್ರ ಸಾಕಾಯಿತು.

ಬದಲಿಗೆ ಗುಡ್ಡದ ಬುಡದಲ್ಲಿ ಅಜ್ಜ ನೀರಿಗಾಗಿ ಅಡ್ಡಕ್ಕೆ ತೋಡಿಸಿದ್ದ ಸುರಂಗದ ಕಡೆ ಗಮನ ಹೋಯಿತು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆ ನೀರು ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲಿನಲ್ಲಿ) ಇಳಿದು ಸುರಂಗಕ್ಕೆ ಒಸರುತ್ತದೆ. ನಮ್ಮದರ ಬಾಯಿ ಮಣ್ಣು ಕುಸಿದು ಮುಚ್ಚಿತ್ತು. ಕೆಲಸಕ್ಕೆ ಜನ ಕರೆಯುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: "ಏಪ್ರಿಲ್ 30ಕ್ಕೆ ಮೊದಲು ನೀರು ನಿಂತರೆ ನನ್ನ ಎಣಿಕೆ ತಪ್ಪು. ಕೊಡಪಾನ ತುಂಬಲು ಐದು ನಿಮಿಷ ಬೇಕಾದೀತು." ಈಗ ಯಾವುದಕ್ಕೆ ದುಡ್ಡು ಹಾಕುವುದಿದ್ದರೂ ಹೀಗೆ ಮೊದಲೇ ಬರೆಯುತ್ತೇನೆ. ಆಮೇಲೆ ಮಾತು ತಿರುಗಿಸಲು ಆಗುವುದಿಲ್ಲ ಅಲ್ವಾ?

ಏಪ್ರಿಲ್ 30ರ ಬೆಳಿಗ್ಗೆ ಕೊಡಪಾನ ಇಟ್ಟು ಗಡಿಯಾರ ನೋಡುತ್ತಾ ಕೂತೆ. ನೀರು ನಿಂತಿರಲಿಲ್ಲ. ಕೊಡಪಾನ ತುಂಬಲು ಹನ್ನೊಂದು ನಿಮಿಷ ಹಿಡಿಯಿತು. ಐದು ಎಂದು ಬರೆದದ್ದಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ 11 ಎಂದು ಬರೆದೆ.