ಪರಿಹಾರದ ಹಣ ಬಂದ ಮೊದಲ ವರ್ಷ: ಒಂದು ಕ್ರೈಸ್ತ ಮನೆಯ ಲೆಕ್ಕ

ಭೂಸ್ವಾಧೀನದ ಪರಿಹಾರ ಖಾತೆಗೆ ಬೀಳುವ ಮೊದಲೇ ಮುಗಿಸಬೇಕಾದ ಕೆಲಸ ಒಂದಿದೆ. ಹಿಂದಿನ ಹನ್ನೆರಡು ತಿಂಗಳ ಮನೆ ಖರ್ಚನ್ನು ಪುಸ್ತಕದಲ್ಲಿ ಬರೆದು ತಿಂಗಳ ಸರಾಸರಿ ತೆಗೆಯುವುದು. ರೇಷನ್ನು, ಹಾಲು, ಕರೆಂಟು, ಶಾಲೆ ಫೀಸು, ಔಷಧಿ, ಚೀಟಿ ಕಂತು, ಭಾನುವಾರದ ಕಾಣಿಕೆ, ಎಲ್ಲ ಸೇರಿ. ನಮ್ಮ ಪುಸ್ತಕದಲ್ಲಿ 27,400 ಬಂತು. ಅದರ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕೆಳಗೆ ಮನೆಮಂದಿಯೆಲ್ಲ ಸಹಿ ಹಾಕಿದೆವು. ಒಂದು ವರ್ಷ ಇಷ್ಟರಲ್ಲೇ ಬದುಕು; ಬೆಲೆ ಏರಿದರೆ ನೂರಕ್ಕೆ ಹತ್ತು ಸಡಿಲ. ಹಣ ಬಂದ ಮೇಲೆ ಇದೇ ಲೆಕ್ಕಕ್ಕೆ ಕೂತರೆ ಸಂಖ್ಯೆ ತಾನೇ ಉಬ್ಬುತ್ತದೆ, ಏಕೆಂದರೆ ನಿನ್ನೆಯ ಆಸೆ ಅಷ್ಟರಲ್ಲಿ ಅಗತ್ಯದ ಪಟ್ಟಿಗೆ ಸೇರಿರುತ್ತದೆ.

ಈ ಉಪಾಯ ಹೊಸದಲ್ಲ. ಆಕ್ಸ್‌ಫರ್ಡಿನ ಮೆಥಡಿಸ್ಟ್ ಯುವಕನೊಬ್ಬನ ಲೆಕ್ಕವನ್ನು ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ ಹೇಳುತ್ತಾರೆ (ಆತ ವೆಸ್ಲಿಯೇ ಎಂಬುದು ಸಾಮಾನ್ಯ ನಂಬಿಕೆ). ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. 60 ಬಂದಾಗಲೂ ಖರ್ಚು 28, ಕೊಟ್ಟದ್ದು 32. 90ಕ್ಕೆ 62, 120ಕ್ಕೆ 92. ವರಮಾನ ನಾಲ್ಕು ಪಟ್ಟಾದರೂ 28 ಕದಲಲಿಲ್ಲ.

ಎರಡನೆಯದು ಪಾಲು. ಹೆಚ್ಚಿನ ಮನೆಗಳು ಒಡೆಯುವುದು ಇಲ್ಲೇ. ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದ್ದರೆ ಮೊದಲು ವಂಶವೃಕ್ಷ, ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ). ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಇಲ್ಲದಿದ್ದರೆ ವಿಧವೆಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮ. ಒಂದು ಕೋಟಿ ಬಂದು, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದರೆ ತಾಯಿಗೆ ಸುಮಾರು 33.33 ಲಕ್ಷ, ಮಕ್ಕಳಿಗೆ ತಲಾ 22.22 ಲಕ್ಷ. ಮಗಳಿಗೆ ಒಂದು ರೂಪಾಯಿಯೂ ಕಡಿಮೆ ಇಲ್ಲ. “ಅವಳಿಗೆ ಮದುವೆಯಲ್ಲೇ ಕೊಟ್ಟಾಯಿತಲ್ಲ” ಎಂಬ ಮಾತು ಎದ್ದೇ ಏಳುತ್ತದೆ. ಅದಕ್ಕೆ ಉತ್ತರ ಕಾಯ್ದೆಯ 49ನೇ ಕಲಮಿನಲ್ಲಿದೆ: ತಂದೆ ಬದುಕಿದ್ದಾಗ ಮಕ್ಕಳ ಏಳಿಗೆಗೆಂದು ಕೊಟ್ಟದ್ದನ್ನು ಪಾಲಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅಕ್ಕ-ತಂಗಿಯರಿಂದ ಆತುರದಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮನೆಯಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆ ಎಷ್ಟು ಜೋರಾಗಿ ನಡೆದರೂ ಹಬ್ಬಕ್ಕೆ ಆ ಹೆಣ್ಣುಮಕ್ಕಳು ಬರುವುದಿಲ್ಲ. ಬೈಬಲಿನ ಲೂಕ 12ರಲ್ಲಿ ಬುದ್ಧಿಯಿಲ್ಲದ ಐಶ್ವರ್ಯವಂತನ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಹುಟ್ಟಿದ್ದೂ ಪಾಲಿನ ಜಗಳದಿಂದಲೇ. ಒಬ್ಬ ಬಂದು, ಆಸ್ತಿ ಹಂಚಿಕೊಡಲು ನನ್ನಣ್ಣನಿಗೆ ಹೇಳು ಎನ್ನುತ್ತಾನೆ. ಯೇಸು ಪಂಚಾಯ್ತಿಗೆ ಕೂರದೆ ಲೋಭದ ಮಾತೆತ್ತುತ್ತಾನೆ. ಆ ಐಶ್ವರ್ಯವಂತನ ಮಾತನ್ನು ನಿಧಾನವಾಗಿ ಓದಿ ನೋಡಿ: ನನ್ನ ಬೆಳೆ, ನನ್ನ ಕಣಜ, ನನ್ನ ಸರಕು. ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂಬ ಸುಳಿವೇ ಇಲ್ಲ.

ಹಣ ಬಂದ ದಿನದಿಂದ ಆರು ತಿಂಗಳು ಅದನ್ನು ಮುಟ್ಟಬೇಡಿ. ಸಾಲ ತೀರಿಸುವುದಕ್ಕೆ, ಮುಂದೆ ಹೇಳುವ ದಶಮಾಂಶ ಮತ್ತು ಕೂಲಿ ಬಾಕಿಗೆ ಮಾತ್ರ ವಿನಾಯಿತಿ. ಸಾಲದಲ್ಲೂ ಚಿನ್ನದ ಸಾಲ, ಕೈಸಾಲ ಮೊದಲು. ಉಳಿದದ್ದು ಬ್ಯಾಂಕುಗಳಲ್ಲಿ ಎಫ್‌ಡಿ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆಯೇ ಇಲ್ಲ. ನಮ್ಮ ಚರ್ಚಿನ ಸಭೆಯವರೇ ನಿರ್ದೇಶಕರಾಗಿದ್ದಾರೆ, ಬಡ್ಡಿ ಎರಡು ಪರ್ಸೆಂಟ್ ಜಾಸ್ತಿ ಎನ್ನುವ ಕಡೆ ಎರಡು ಸಲ ಯೋಚಿಸಿ. ವಿಶ್ವಾಸಿ ಎಂಬುದು ಲೆಕ್ಕಪತ್ರಕ್ಕೆ ಬದಲಿಯಲ್ಲ. 2013ರ ಭೂಸ್ವಾಧೀನ ಕಾಯ್ದೆಯಡಿ ಬಂದ ಪರಿಹಾರಕ್ಕೆ ಅದರ 96ನೇ ಕಲಮಿನ ಪ್ರಕಾರ ಆದಾಯ ತೆರಿಗೆ ಇಲ್ಲ. ಎಫ್‌ಡಿ ಬಡ್ಡಿಗೆ ಇದೆ. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ತನ್ನದೇ 1966ರ ಕಾಯ್ದೆಯಡಿ ತೆಗೆದುಕೊಂಡ ಜಮೀನಿಗೂ ಇದೇ ವಿನಾಯಿತಿ ಎಂದು ನೀವಾಗಿ ತೀರ್ಮಾನಿಸದೆ ಆಡಿಟರನ್ನು ಕೇಳಿ.

ದಶಮಾಂಶದ, ಅಂದರೆ ಬಂದದ್ದರಲ್ಲಿ ದೇವರಿಗೆಂದು ಕೊಡುವ ಹತ್ತನೇ ಒಂದು ಪಾಲಿನ, ವಿಷಯಕ್ಕೆ ಬರೋಣ. ಒಂದು ಕೋಟಿಗೆ ಹತ್ತು ಲಕ್ಷ. ಇದನ್ನು ಒಂದೇ ಭಾನುವಾರ, ಒಂದೇ ಚೆಕ್ಕಿನಲ್ಲಿ ಕೊಡುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಮೊತ್ತ ಕಮಾನು, ಗೋಪುರ, ಹೆಸರು ಕೆತ್ತಿದ ಕಲ್ಲಿನ ಕಡೆ ಎಳೆಯುತ್ತದೆ. ಎಡಗೈಗೆ ತಿಳಿಯದಂತೆ ಕೊಡಿ ಎಂಬ ಮತ್ತಾಯ 6ರ ಮಾತು ಆ ಕಲ್ಲಿನ ಮುಂದೆ ನಿಲ್ಲುವುದು ಕಷ್ಟ. ಬೇರೆ ಖಾತೆ ತೆರೆದು ಹತ್ತು ಲಕ್ಷ ಅದರಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ಎರಡೂವರೆ ಲಕ್ಷದಂತೆ ವರ್ಷದಲ್ಲಿ ಖಾಲಿ ಮಾಡಿ. “ದೇವರು ಆಶೀರ್ವದಿಸಿದ” ಎಂದು ಸಾಕ್ಷಿ ಹೇಳಲು ವೇದಿಕೆ ಹತ್ತುವ ಆತುರವೂ ಬೇಡ. ಅದೇ ಸ್ವಾಧೀನದಲ್ಲಿ ಮನೆ ಕಳೆದುಕೊಂಡವರು ಹಿಂದಿನ ಬೆಂಚಿನಲ್ಲೇ ಕೂತಿರಬಹುದು.

ಹೆಚ್ಚಿನವರು ಮರೆಯುವುದು ಆ ಹೊಲದಲ್ಲಿ ದುಡಿದವರನ್ನು. ಜಮೀನು ಹೋದರೆ ಮಾಲೀಕನಿಗೆ ಚೆಕ್ಕು, ಕಳೆ ಕೀಳುತ್ತಿದ್ದವರಿಗೆ ಖಾಲಿ ಕೈ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು, ಅದರಿಂದಲೇ ಮುಖ್ಯವಾಗಿ ಹೊಟ್ಟೆ ಹೊರೆದ ಕೃಷಿ ಕೂಲಿಕಾರರ ಕುಟುಂಬವನ್ನೂ 2013ರ ಕಾಯ್ದೆ ಬಾಧಿತ ಕುಟುಂಬ ಎಂದೇ ಕರೆಯುತ್ತದೆ. ಅವರ ಹೆಸರು ಪಟ್ಟಿಯಲ್ಲಿದೆಯೇ ನೋಡಿ, ಇಲ್ಲದಿದ್ದರೆ ಅರ್ಜಿ ಬರೆದುಕೊಡಿ. ಹಳೇ ಕೂಲಿ ಬಾಕಿ ಇದ್ದರೆ ದಶಮಾಂಶಕ್ಕಿಂತ ಮೊದಲು ಅದನ್ನು ತೀರಿಸಿ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎನ್ನುತ್ತದೆ ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯ.

ಸಾಲ ಕೇಳಿ ಬರುವ ನೆಂಟರಿಗೆ ನಮ್ಮದು ಒಂದೇ ನಿಯಮ: ವಾಪಸ್ ಬರದಿದ್ದರೂ ಮುಖ ಕೊಟ್ಟು ಮಾತಾಡಲು ಆಗುವಷ್ಟು ಮೊತ್ತ, ಅದನ್ನೂ ಕೊಡುಗೆ ಎಂದೇ ಬರೆದು ಕೊಡುವುದು. ಜಾಮೀನಿಗೆ ಸಹಿ ಇಲ್ಲ.

ತೃಪ್ತಿ ಎಂದರೆ ಹಣದ ಮಾತೇ ಆಡದಿರುವುದು ಎಂದುಕೊಂಡವರು ಫಿಲಿಪ್ಪಿ ಪತ್ರಿಕೆಯ ನಾಲ್ಕನೇ ಅಧ್ಯಾಯ ಓದಬೇಕು. ಇದ್ದುದರಲ್ಲಿ ತೃಪ್ತನಾಗಿರಲು ಕಲಿತಿದ್ದೇನೆ ಎಂದು ಪೌಲ ಬರೆಯುವುದು ಸೆರೆಯಿಂದ, ಫಿಲಿಪ್ಪಿ ಸಭೆಯವರು ಎಪಫ್ರೊದೀತನ ಕೈಯಲ್ಲಿ ಕಳುಹಿಸಿದ ನೆರವು ಮುಟ್ಟಿತು ಎಂದು ತಿಳಿಸುವ ಪತ್ರದಲ್ಲೇ. ಒಂದು ರೀತಿಯಲ್ಲಿ ಅದು ರಸೀದಿ. ಕಲಿತದ್ದು ಎರಡು ಎನ್ನುತ್ತಾನೆ: ಕೊರತೆಯಲ್ಲಿರುವುದು, ಸಮೃದ್ಧಿಯಲ್ಲಿರುವುದು. ನಮ್ಮ ಸಭೆಗಳಲ್ಲಿ ಮೊದಲನೆಯದಕ್ಕೆ ಉಪದೇಶಗಳು ಬೇಕಾದಷ್ಟಿವೆ.

ತಿಂಗಳ ಕೊನೆಯ ಶನಿವಾರ ಪುಸ್ತಕ ತೆಗೆದು ಖರ್ಚನ್ನು 27,400ರ ಪಕ್ಕದಲ್ಲಿ ಬರೆಯುತ್ತೇವೆ. ಮಿತಿ ಸತತ ಮೂರು ತಿಂಗಳು ದಾಟಿದರೆ ಯಾವ ಬಾಬ್ತು ಎಂದು ಹುಡುಕುತ್ತೇವೆ. ಆಸ್ಪತ್ರೆ ಖರ್ಚಾದರೆ ಬಿಟ್ಟುಬಿಡುತ್ತೇವೆ. ಕಾರಿನ ಕಂತಾದರೆ ಎಲ್ಲರೂ ಕೂರಬೇಕು, ಸಹಿ ಹಾಕಿದ ಪುಟ ತೆರೆದಿಟ್ಟು.