ಕಂಡದ್ದನ್ನೇ ಬರೆಯಿಸುವುದು: 5ರಿಂದ 8ನೇ ತರಗತಿಗೆ ಮೂರು ಚಟುವಟಿಕೆಗಳು

"ಚೆನ್ನಾಗಿ ಗಮನಿಸಿ" ಎಂದಷ್ಟೇ ಹೇಳಿದರೆ ಮಕ್ಕಳು ಪುಸ್ತಕದ ಉತ್ತರ ನೆನಪಿಸಿಕೊಳ್ಳಲು ಶುರುಮಾಡುತ್ತಾರೆ. ನೆನಪಿನಿಂದ ಇರುವೆಯ ಚಿತ್ರ ಬರೆಯಿಸಿ ನೋಡಿ. ಆರು ಕಾಲು ಎಂಬುದು ಬಾಯಿಪಾಠವಾಗಿದ್ದರೂ ಅವನ್ನು ದೇಹದ ಮೂರೂ ಭಾಗಗಳಿಗೆ ಹಂಚಿರುತ್ತಾರೆ. ಆರೂ ಕಾಲು ನಡುಭಾಗದಿಂದಲೇ ಹೊರಡುತ್ತವೆ ಎಂಬುದು ಇರುವೆಯನ್ನು ಮತ್ತೆ ನೋಡಿದಾಗಲೇ ತಿಳಿಯುವುದು.

ಆದ್ದರಿಂದ ಮೊದಲ ತಯಾರಿ ನೋಟ್‌ಬುಕ್ಕಿನದು. ಪುಟದ ನಡುವೆ ಗೆರೆ ಎಳೆಸಿ, ಎಡಕ್ಕೆ 'ಕಂಡದ್ದು', ಬಲಕ್ಕೆ 'ಅನ್ನಿಸಿದ್ದು' ಎಂದು ಬರೆಯಿಸಿ. "ಕಾಳು ಉದ್ದವಾಗಿದೆ, ಸಿಪ್ಪೆ ಸುಕ್ಕಾಗಿದೆ" ಎಡಕ್ಕೆ. "ಕಾಳು ನೀರು ಕುಡಿದಿದೆ" ಬಲಕ್ಕೆ. ಎರಡನೆಯದೂ ಸರಿಯೇ, ಆದರೆ ಅದು ಕಣ್ಣಿಗೆ ಕಂಡದ್ದಲ್ಲ.

ಕಡಲೆಕಾಯಿ ಗುರುತಿಸುವುದು (40 ನಿಮಿಷ)

ಎಂಟು ಮಕ್ಕಳ ಗುಂಪಿಗೆ ಸಿಪ್ಪೆಯಿರುವ ಎಂಟು ಕಡಲೆಕಾಯಿ ಕೊಡಿ. ಎಲ್ಲವೂ ಎರಡು ಬೀಜದವೇ ಆಗಿರಲಿ. ಒಂದೇ ಮೂರು ಬೀಜದ ಕಾಯಿ ಸೇರಿದರೂ ಅದು ನೋಡದೆಯೇ ಸಿಕ್ಕಿಬಿಡುತ್ತದೆ. ಪ್ರತಿ ಮಗುವೂ ಒಂದೊಂದು ಕಾಯಿ ಹಿಡಿದು ಹತ್ತು ನಿಮಿಷ ವಿವರ ಬರೆಯಲಿ, ಚಿತ್ರ ಬೇಡ. ಆಮೇಲೆ ಕಾಯಿಗಳನ್ನು ಬೆರೆಸಿ, ಬರಹಗಳನ್ನು ಅದಲುಬದಲು ಮಾಡಿ. ಓದಿದವರು ಕಾಯಿ ಹುಡುಕಬೇಕು.

ಮೊದಲ ಸುತ್ತಿನಲ್ಲಿ ಹೆಚ್ಚಿನವರು ಸೋಲುತ್ತಾರೆ, ಸೋಲಲಿ. "ಕಂದು ಬಣ್ಣ, ಒರಟು" ಎಂದು ಬರೆದರೆ ಎಂಟಕ್ಕೂ ಹೊಂದುತ್ತದೆ. ಎರಡನೇ ಸುತ್ತಿಗೆ ಸ್ಕೇಲು ಕೊಡಿ. "ಉದ್ದ 31 ಮಿ.ಮೀ., ಚೂಪು ತುದಿಯಿಂದ 12 ಮಿ.ಮೀ. ದೂರದಲ್ಲಿ ಕಪ್ಪು ಕಲೆ" ಎಂಬಂಥ ಸಾಲುಗಳು ಆಗ ತಾವಾಗಿ ಬರುತ್ತವೆ. ಕಾಯಿಗೆ ಉಗುರಿನಿಂದ ಗುರುತು ಮಾಡುವ ಜಾಣರು ಪ್ರತಿ ತರಗತಿಯಲ್ಲೂ ಇರುತ್ತಾರೆ, ಮೊದಲೇ ಎಚ್ಚರಿಸಿ.

ಅಲಸಂದೆ ಕಾಳು (ಒಂದು ವಾರ)

ಗುಂಪಿಗೆ 12 ಕಾಳು ಸಾಕು. ಹತ್ತನ್ನು ಸ್ಕೇಲಿನ ಪಕ್ಕ ತುದಿಗೆ ತುದಿ ತಾಗಿಸಿ ಸಾಲಾಗಿಟ್ಟು ಒಟ್ಟು ಉದ್ದ ಅಳೆಯಿರಿ. ಒಂದೊಂದೇ ಕಾಳು ಅಳೆದರೆ ಅಳತೆಯ ತಪ್ಪು ದೊಡ್ಡದಾಗುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಮತ್ತೆ ಅಳೆಯಿರಿ. ನೆಂದ ಕಾಳನ್ನು ಒರೆಸಿ ಮೆಲ್ಲಗೆ ಹಿಂಡಿದರೆ ಕಾಳಿನ ಕಣ್ಣಿನ (ಕಾಯಿಗೆ ಅಂಟಿಕೊಂಡಿದ್ದ ಜಾಗದ ಕಲೆಯ) ಪಕ್ಕದ ಸಣ್ಣ ರಂಧ್ರದಿಂದ ನೀರು ಜಿನುಗುತ್ತದೆ. ಎಲ್ಲಿಂದ ಬರುತ್ತದೆಂದು ಮೊದಲೇ ಹೇಳಿಬಿಟ್ಟರೆ ಈ ಚಟುವಟಿಕೆ ಅಲ್ಲಿಗೇ ಮುಗಿಯಿತು.

ಲೆನ್ಸ್ ಬಳಸುವುದನ್ನು ಬೇರೆಯಾಗಿಯೇ ಕಲಿಸಬೇಕು. ಮಕ್ಕಳು ಸಿನಿಮಾದ ಪತ್ತೇದಾರರಂತೆ ಕೈಚಾಚಿ ಹಿಡಿಯುತ್ತಾರೆ. ಲೆನ್ಸ್ ಕಣ್ಣಿನ ಹತ್ತಿರವೇ ಇರಲಿ, ಸ್ಪಷ್ಟವಾಗುವವರೆಗೆ ಕಾಳನ್ನು ಹತ್ತಿರ ತರಲಿ.

ಕೆಲವೊಮ್ಮೆ ಒಂದೆರಡು ಕಾಳು ನೆನೆಯದೆ ಕಲ್ಲಿನಂತೆ ಉಳಿಯುತ್ತವೆ. ಮಕ್ಕಳು ಅವನ್ನು "ಕೆಟ್ಟ ಕಾಳು" ಎಂದು ಬಿಸಾಡುತ್ತಾರೆ. ನನ್ನ ಮಟ್ಟಿಗೆ ಇಡೀ ಚಟುವಟಿಕೆಯಲ್ಲಿ ಅವಕ್ಕಿಂತ ಬೆಲೆಬಾಳುವ ಕಾಳಿಲ್ಲ. ಅಂಥದ್ದರ ಸಿಪ್ಪೆಯನ್ನು ಕಾಳಿನ ಕಣ್ಣಿಗೆ ವಿರುದ್ಧ ಬದಿಯಲ್ಲಿ ಮರಳು ಕಾಗದದಿಂದ ತುಸು ಉಜ್ಜಿಸಿ ಮತ್ತೆ ನೆನೆಹಾಕಿಸಿ. ಈ ಬಾರಿ ಉಬ್ಬಿದರೆ, ತಡೆ ಎಲ್ಲಿತ್ತೆಂದು ಅವರೇ ಬಲಗಡೆಯಲ್ಲಿ ಬರೆಯುತ್ತಾರೆ.

ಉಳಿದ ಕಾಳುಗಳನ್ನು ಪಾರದರ್ಶಕ ಲೋಟದ ಗೋಡೆಗೂ ಒದ್ದೆ ಕಾಗದಕ್ಕೂ ನಡುವೆ ಸಿಕ್ಕಿಸಿ. ತಳದಲ್ಲಿ ಒಂದು ಸೆಂ.ಮೀ.ಗಿಂತ ಹೆಚ್ಚು ನೀರು ನಿಲ್ಲಬಾರದು, ಕಾಳು ಮುಳುಗಿದರೆ ಗಾಳಿಯಿಲ್ಲದೆ ಕೊಳೆತು ನಾರುತ್ತದೆ. ಬೇರು ಎರಡು ಸೆಂ.ಮೀ. ಆದಾಗ ಅದನ್ನು ಕಾಗದದಿಂದ ಒತ್ತಿ ಒಣಗಿಸಿ, ಶಾಯಿಯಲ್ಲಿ ಅದ್ದಿದ ದಾರದಿಂದ 2 ಮಿ.ಮೀ.ಗೊಂದು ಗುರುತು ಹಾಕಿಸಿ. ಬಾಲ್‌ಪೆನ್ನು ಬೇರನ್ನು ಗಾಯಮಾಡುತ್ತದೆ. ಬೇರು ಒದ್ದೆಯಿದ್ದರೆ ಶಾಯಿ ಹರಡುತ್ತದೆ. ಬೇರು ಎಲ್ಲಿ ಬೆಳೆಯುತ್ತದೆಂದು ಮೊದಲೇ ಊಹೆ ಬರೆಯಿಸಿ. ಮರುದಿನ ತುದಿಯ ಹತ್ತಿರದ ಗುರುತುಗಳು ಮಾತ್ರ ದೂರ ಸರಿದಿರುತ್ತವೆ, ಮೇಲಿನವು ಇದ್ದಲ್ಲೇ ಇರುತ್ತವೆ.

ಮಧ್ಯಾಹ್ನದ ನೆರಳು

ಬಕೆಟ್ಟಿಗೆ ಒದ್ದೆ ಮರಳು ತುಂಬಿ ಅಂಗಳದಲ್ಲಿ ಕೋಲು ನೆಟ್ಟರೆ ನೆರಳು ಬಕೆಟ್ಟಿನ ಮೇಲೆಯೇ ಬಿದ್ದು ಅಳತೆ ಕೆಡುತ್ತದೆ. ಕೋಲನ್ನು ನೆಲಕ್ಕೇ ನೆಡಬೇಕು, ಮಣ್ಣಿನಿಂದ ಮೇಲೆ 50 ಸೆಂ.ಮೀ. ಇರಬೇಕು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೆಟ್ಟಗಿದೆಯೇ ಎಂದು ಎರಡು ಬದಿಯಿಂದ ನೋಡಿ. ಸುತ್ತ ನೆಲ ಸಮತಟ್ಟಾಗಿರಲಿ. ಬೆಳಿಗ್ಗೆ 11ಕ್ಕೆ ನೆರಳಿನ ತುದಿ ಗುರುತಿಸಿ, ಅಷ್ಟೇ ತ್ರಿಜ್ಯದ ವೃತ್ತವನ್ನು ಕೋಲಿನ ಬುಡದ ಸುತ್ತ ದಾರದಿಂದ ಎಳೆಸಿ. ಮಧ್ಯಾಹ್ನ ತುದಿ ಮತ್ತೆ ವೃತ್ತವನ್ನು ಮುಟ್ಟಿದ ಸಮಯ ಬರೆದುಕೊಳ್ಳಿ. ಎರಡೂ ಸಮಯಗಳ ನಡುಬಿಂದುವೇ ಆ ಊರಿನ ನಿಜವಾದ ಮಧ್ಯಾಹ್ನ. ಅತಿ ಗಿಡ್ಡ ನೆರಳನ್ನು ನೇರವಾಗಿ ಹುಡುಕಹೋದರೆ ಸಿಗುವುದಿಲ್ಲ, ಆ ಹೊತ್ತಿನಲ್ಲಿ ಉದ್ದ ಬದಲಾಗುವುದೇ ಅತಿ ಕಡಿಮೆ. ನೆರಳಿನ ತುದಿ ಮಸುಕಾಗಿರುವುದರಿಂದ ಎಲ್ಲ ಗುರುತುಗಳನ್ನೂ ಒಬ್ಬರೇ ಹಾಕಲಿ. ಸೂರ್ಯನನ್ನು ಯಾರೂ ನೋಡಕೂಡದು.

ಬಹುತೇಕ ಮಕ್ಕಳು ಅಳೆಯುವ ಮೊದಲೇ "12 ಗಂಟೆ" ಎಂದು ಬರೆದಿರುತ್ತಾರೆ. ಬೆಂಗಳೂರಿನಲ್ಲಿ ಅದು ನವೆಂಬರ್ ಮೊದಲ ವಾರದಲ್ಲಿ ಸುಮಾರು 12:03, ಫೆಬ್ರವರಿ ನಡುವಿನಲ್ಲಿ ಸುಮಾರು 12:34. ಕಾರವಾರದಲ್ಲಿ ಇನ್ನೂ 14 ನಿಮಿಷದಷ್ಟು ತಡ. ದಿಕ್ಕಿನಲ್ಲೂ ಹೀಗೆಯೇ. ಮಧ್ಯಾಹ್ನದ ನೆರಳು ಉತ್ತರಕ್ಕೆ ಎಂದು ಓದಿದವರು ಜುಲೈಯಲ್ಲಿ ಬೆಂಗಳೂರಿನ ಅಂಗಳದಲ್ಲಿ ನಿಂತು, ದಕ್ಷಿಣಕ್ಕೆ ಬಿದ್ದಿರುವ ನೆರಳನ್ನೂ "ಉತ್ತರ" ಎಂದೇ ಬರೆಯುತ್ತಾರೆ. ಅಲ್ಲಿ ಏಪ್ರಿಲ್ 24ರ ಸುಮಾರಿನಿಂದ ಆಗಸ್ಟ್ 18ರ ಸುಮಾರಿನವರೆಗೆ ನಡು ಮಧ್ಯಾಹ್ನದ ನೆರಳು ದಕ್ಷಿಣಕ್ಕೇ. ಅಂಥ ಪುಟವನ್ನು ಕೆಂಪು ಪೆನ್ನಿನಿಂದ ತಿದ್ದಬೇಡಿ. ಪುಟ ಹಿಡಿದುಕೊಂಡು ಮತ್ತೆ ಕೋಲಿನ ಹತ್ತಿರ ಹೋಗಿ ನಿಲ್ಲಲು ಹೇಳಿ.