ಶಿಕಾಗೋಗೆ ಹೋದರೆ ಸೌತ್ ಸೈಡಿಗೆ ಎರಡು ದಿನ ಇಡಿ

ಉಡುಪಿ, ಮಣಿಪಾಲದಿಂದ ಮಕ್ಕಳ ಮನೆಗೆಂದು ಶಿಕಾಗೋಗೆ ಹೋಗುವ ಅಪ್ಪ ಅಮ್ಮಂದಿರ ಪಟ್ಟಿ ಹೆಚ್ಚುಕಡಿಮೆ ಒಂದೇ: ವಿಲ್ಲಿಸ್ ಟವರ್, ಲೆಮಾಂಟಿನ ದೇವಸ್ಥಾನ, ಡೆವನ್ ಅವೆನ್ಯೂನಲ್ಲಿ ದಿನಸಿ, ರಜೆ ಸಿಕ್ಕಿದರೆ ನಯಾಗರಾ. ಅದೆಲ್ಲ ನೋಡಿ. ಅದರ ಜೊತೆಗೆ ಆ ಊರಿನ ಆಫ್ರಿಕನ್ ಅಮೆರಿಕನ್ನರ ಹಾಡು ಮತ್ತು ನಾಟಕಕ್ಕೂ ಸಮಯ ಇಡಿ ಅಂತ ನನ್ನ ಒತ್ತಾಯ. ನಾನು ಹವ್ಯಾಸಿ ಮೇಳದಲ್ಲಿ ಮದ್ದಳೆ ಬಾರಿಸುವವನು, ಮಗಳು ನೇಪರ್‌ವಿಲ್‌ನಲ್ಲಿದ್ದಾಳೆ. ನಮ್ಮ ಕುಂಜಿಬೆಟ್ಟಿನಿಂದ ಯಾರು ಹೊರಟರೂ ನಾನು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ತಯಾರಿ ಉಡುಪಿಯಲ್ಲೇ ಶುರುವಾಗಲಿ. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನರು ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಹೊಲ, ಹಿಂಸೆ, ಅವಮಾನ ಬಿಟ್ಟು ಬೇರೆ ಕಡೆಗೆ ಹೊರಟರು. ಶಿಕಾಗೋ ಒಂದಕ್ಕೇ 5 ಲಕ್ಷಕ್ಕೂ ಹೆಚ್ಚು ಜನ ಬಂದರು. ಅವರಲ್ಲಿ ಬಹಳಷ್ಟು ಜನ ನೆಲೆಸಿದ್ದು ಊರಿನ ದಕ್ಷಿಣ ಭಾಗವಾದ ಸೌತ್ ಸೈಡಿನಲ್ಲಿ. 1905ರಲ್ಲಿ ಶುರುವಾದ 'ಶಿಕಾಗೋ ಡಿಫೆಂಡರ್' ಪತ್ರಿಕೆಯನ್ನು ರೈಲಿನ ಪುಲ್‌ಮನ್ ಪೋರ್ಟರುಗಳು, ಅಂದರೆ ಮಲಗುವ ಬೋಗಿಗಳ ಸೇವಕರು, ದಕ್ಷಿಣದ ಊರೂರಿಗೆ ಮುಟ್ಟಿಸುತ್ತಿದ್ದರು. 'ಇಲ್ಲಿ ಕೆಲಸ ಇದೆ, ಬನ್ನಿ' ಎಂಬ ಸುದ್ದಿ ಹಾಗೆ ಹರಡಿತು. ನಮ್ಮ ಕಡೆಯ ಹುಡುಗರು ಬೊಂಬಾಯಿಗೆ ಹೋಗಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆ ಕಲಿತು, ಅಲ್ಲೇ ಯಕ್ಷಗಾನವನ್ನೂ ಕಟ್ಟಿಕೊಂಡ ಕಥೆ ನಿಮ್ಮ ಮನೆಯಲ್ಲೂ ಇದ್ದರೆ ಈ ವಲಸೆ ಬೇಗ ಅರ್ಥವಾಗುತ್ತದೆ. ಊರು ಬಿಟ್ಟವರು ಹಾಡು ಬಿಟ್ಟು ಬರಲಿಲ್ಲ.

ಹೊರಡುವ ಮೊದಲು ಮಡ್ಡಿ ವಾಟರ್ಸ್ ಹಾಡಿದ ಬ್ಲೂಸ್ ಕೇಳಿ, ದಕ್ಷಿಣದ ಕಪ್ಪು ಜನರಲ್ಲಿ ಹುಟ್ಟಿದ ಹಾಡಿನ ಬಗೆ ಅದು. ಮಿಸಿಸಿಪ್ಪಿಯಿಂದ 1943ರಲ್ಲಿ ಬಂದವರು ಅವರು. ಹಳ್ಳಿಯ ಮರದ ಗಿಟಾರು ನಗರದ ಗದ್ದಲದ ಬಾರುಗಳಲ್ಲಿ ಯಾರ ಕಿವಿಗೂ ಬೀಳದು. ಕರೆಂಟಿನ ಗಿಟಾರು, ಆಂಪ್ಲಿಫೈಯರ್ ಹಾಗೆ ಬಂದವು. ಬ್ಲೂಸ್ ಕೇಳಲು ಒಂದು ಸುಳುಹು: ಸಾಮಾನ್ಯವಾಗಿ ಹನ್ನೆರಡು ಬಾರ್‌ಗಳ ಒಂದು ಸುತ್ತು, ಒಂದು ಬಾರ್ ಎಂದರೆ ನಾಲ್ಕು ಎಣಿಕೆ. ಮೊದಲ ಸಾಲು ಹಾಡುತ್ತಾರೆ, ಅದನ್ನೇ ಮತ್ತೊಮ್ಮೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಉತ್ತರ. ಸಾಲು ಮುಗಿದ ಖಾಲಿ ಜಾಗದಲ್ಲಿ ಗಿಟಾರೋ ಮೌತ್ ಆರ್ಗನ್ನೋ ಮಾತಾಡುತ್ತದೆ. ಚಪ್ಪಾಳೆ ಬೀಳುವುದು ಎರಡು ಮತ್ತು ನಾಲ್ಕನೆಯ ಎಣಿಕೆಗೆ. ಮೊದಲ ಪೆಟ್ಟಿಗೇ ಕೈ ತಟ್ಟುವ ಅಭ್ಯಾಸ ಇರುವ ನಮಗೆ ಇದು ಒಗ್ಗಲು ಹೊತ್ತು ಬೇಕು. ಅಡುಗೆ ಮಾಡುವಾಗ ಹಾಕಿಕೊಂಡು ತೊಡೆ ತಟ್ಟಿ ರೂಢಿ ಮಾಡಿಕೊಳ್ಳಿ.

'ಸೌತ್ ಸೈಡ್ ಬೇಡ ಅಪ್ಪ' ಎಂದು ಮಕ್ಕಳು ಖಂಡಿತ ಹೇಳುತ್ತಾರೆ. ಲಕ್ಷಾಂತರ ಜನ ಸಂಸಾರ ಮಾಡಿಕೊಂಡಿರುವ ಊರಿನ ಭಾಗ ಅದು. ಹಗಲಿನಲ್ಲಿ ಹೋಗಿ, ನೋಡಬೇಕಾದ ಬೀದಿಗಳನ್ನು ಮೊದಲೇ ಗುರುತು ಮಾಡಿಕೊಳ್ಳಿ, ರಾತ್ರಿ ಟ್ಯಾಕ್ಸಿ ಹಿಡಿಯಿರಿ. ಅಷ್ಟು ಜಾಗ್ರತೆ ಸಾಕು.

ಡೌನ್‌ಟೌನಿನಿಂದ ಗ್ರೀನ್ ಲೈನ್ ರೈಲು ಹತ್ತಿ ಸರ್ಮಾಕ್-ಮೆಕಾರ್ಮಿಕ್ ಪ್ಲೇಸಿನಲ್ಲಿ ಇಳಿದರೆ ಸೌತ್ ಮಿಶಿಗನ್ ಅವೆನ್ಯೂ 2120 ಹತ್ತಿರ. ಬ್ಲೂಸ್ ಹಾಡುಗಳನ್ನು ಮುದ್ರಿಸಿ ಮಾರುತ್ತಿದ್ದ ಚೆಸ್ ರೆಕಾರ್ಡ್ಸ್ ಕಂಪನಿ ಇದ್ದ ಎರಡು ಮಾಳಿಗೆಯ ಸಣ್ಣ ಕಟ್ಟಡ. ಸ್ಟುಡಿಯೋ ಇದ್ದದ್ದು ಮೇಲಿನ ಮಾಳಿಗೆಯಲ್ಲಿ. 1964ರಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಹುಡುಗರು ಇಂಗ್ಲೆಂಡಿನಿಂದ ಬಂದು ಇಲ್ಲೇ ಹಾಡು ಮುದ್ರಿಸಿಕೊಂಡರು. ಈಗ ಇಲ್ಲಿರುವುದು ಗೀತರಚನೆಕಾರ ವಿಲ್ಲಿ ಡಿಕ್ಸನ್ ಹೆಸರಿನ ಬ್ಲೂಸ್ ಹೆವನ್ ಫೌಂಡೇಶನ್. ಹಾಡಿದವರಿಗೆ, ಬರೆದವರಿಗೆ ಸಲ್ಲಬೇಕಾದ ರಾಯಲ್ಟಿಗಾಗಿ ದನಿ ಎತ್ತುವ ಸಂಸ್ಥೆ ಇದು. ಗೈಡ್ ಜೊತೆಯಲ್ಲೇ ನೋಡಬೇಕು, ಎಲ್ಲ ದಿನ ತೆರೆದಿರುವುದಿಲ್ಲ. ಸಮಯ ವಿಚಾರಿಸಿಯೇ ಹೊರಡಿ.

ಮತ್ತೆ ರೈಲು ಹತ್ತಿ 35ನೇ ಬೀದಿಯ ಬ್ರಾಂಜ್‌ವಿಲ್ ಸ್ಟೇಷನ್. ಪೂರ್ವಕ್ಕೆ ನಡೆಯುತ್ತಾ 315ನೇ ನಂಬರಿನ ಕಟ್ಟಡದ ಮುಂದೆ ನಿಲ್ಲಿ. 1920ರ ದಶಕದಲ್ಲಿ ಇದು ಸನ್‌ಸೆಟ್ ಕೆಫೆ, ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಊದಿದ ಜಾಗ. ಆಮೇಲೆ ಬಹಳ ವರ್ಷ ಹಾರ್ಡ್‌ವೇರ್ ಅಂಗಡಿಯಾಗಿತ್ತು. ಇಂಡಿಯಾನಾ ಅವೆನ್ಯೂನಲ್ಲಿ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನ ಗೋಡೆ ಕಾಣುತ್ತದೆ. 2006ರ ಬೆಂಕಿಯಲ್ಲಿ ಒಳಗೆಲ್ಲ ಸುಟ್ಟುಹೋಯಿತು. ಒಂದು ಕಾಲದ ಬ್ಲೂಸ್ ಪಿಯಾನೋ ವಾದಕ ಥಾಮಸ್ ಡಾರ್ಸಿ ಈ ಚರ್ಚಿನಲ್ಲಿ ದಶಕಗಳ ಕಾಲ ಗಾಸ್ಪೆಲ್ ಸಂಗೀತ, ಅಂದರೆ ಕಪ್ಪು ಜನರ ಚರ್ಚಿನ ಭಕ್ತಿಗೀತೆ, ಬೆಳೆಸಿದರು.

ಇಷ್ಟರಲ್ಲಿ ಕಾಲು ಸೋತಿದ್ದರೂ ಕಿಂಗ್ ಡ್ರೈವಿನಲ್ಲಿ ಬಸ್ಸು ಹಿಡಿದು 26ನೇ ಬೀದಿಯ ಹತ್ತಿರದ ಕಂಚಿನ ಪ್ರತಿಮೆ ನೋಡಲೇಬೇಕು. ಶಿಲ್ಪಿ ಆಲಿಸನ್ ಸಾರ್, ವರ್ಷ 1996. ಉತ್ತರಕ್ಕೆ ಮುಖ ಮಾಡಿ ನಿಂತ ವಲಸಿಗ, ಕೈಯಲ್ಲಿ ಹಗ್ಗ ಕಟ್ಟಿದ ಸೂಟ್‌ಕೇಸ್. ದೂರಕ್ಕೆ ಅವನ ಕೋಟು ಮೀನಿನ ಪೊರೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಅದಷ್ಟೂ ಸವೆದ ಚಪ್ಪಲಿಯ ಅಟ್ಟೆಗಳು. ನಿಂತಿರುವುದೂ ಅಟ್ಟೆಗಳ ಗುಡ್ಡೆಯ ಮೇಲೆಯೇ. ಸುತ್ತು ಬಂದು ಬೆನ್ನಿನ ಕಡೆಯೂ ನೋಡಿ.

ಭಾನುವಾರ ಬೆಳಿಗ್ಗೆ ಗಾಸ್ಪೆಲ್ ಕೇಳಲು ಚರ್ಚಿಗೆ ಹೋಗುವುದಾದರೆ ಒಳ್ಳೆಯ ಬಟ್ಟೆ ಉಟ್ಟು ಹೋಗಿ, ಸೀರೆಯೇ ಆಗಬಹುದು. ವಿಡಿಯೋ ಬೇಡ, ನಡುವೆ ಎದ್ದು ಬರುವುದೂ ಬೇಡ. ಕಾಣಿಕೆ ತಟ್ಟೆಗೆ ನೋಟು ಇಟ್ಟುಕೊಳ್ಳಿ. ಅದು ಅವರ ಆರಾಧನೆ, ನಾವು ಅತಿಥಿಗಳು.

ರಾತ್ರಿಗೆ ಸೌತ್ ವಾಬಾಷ್ 700ರಲ್ಲಿ ಬಡ್ಡಿ ಗೈ ಅವರ ಲೆಜೆಂಡ್ಸ್. 1957ರಲ್ಲಿ ಲೂಯಿಸಿಯಾನಾದಿಂದ ಬಂದ ಗಿಟಾರ್ ವಾದಕನ ಸ್ವಂತ ಕ್ಲಬ್ಬು. ಕೂದಲು ನರೆತಿದ್ದರೂ ಗುರುತಿಗೆ ಪಾಸ್‌ಪೋರ್ಟ್ ಇರಲಿ. ಬೇಗ ಹೋಗಿ ವೇದಿಕೆಯ ಹತ್ತಿರ ಕೂತು ಡ್ರಮ್ಮಿನವನ ಎಡಗೈ ಗಮನಿಸಿ, ಆ ಎರಡು-ನಾಲ್ಕು ಅಲ್ಲಿಂದ ಬರುತ್ತದೆ.

ನಾಟಕಕ್ಕೆ ಎರಡನೆಯ ದಿನ. ಜಾಕಿ ಟೇಲರ್ 1976ರಲ್ಲಿ ಕಟ್ಟಿದ ಬ್ಲ್ಯಾಕ್ ಆನ್ಸಾಂಬಲ್ ಥಿಯೇಟರ್ ಉತ್ತರ ಭಾಗದಲ್ಲಿ, ನಾರ್ತ್ ಕ್ಲಾರ್ಕ್ 4450ರಲ್ಲಿದೆ. ಗಾಯಕರ ಬದುಕನ್ನು ಹಾಡುಗಳ ಜೊತೆ ಆಡಿ ತೋರಿಸುವುದೇ ಅವರ ಹೆಚ್ಚಿನ ನಾಟಕ. ಅಮೆರಿಕನ್ ಇಂಗ್ಲಿಷ್ ವೇಗವಾಗಿ ಬಂದರೆ ತಿಳಿಯದು ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಾತಿನ ನಾಟಕವೇ ಬೇಕೆಂದರೆ ಡೌನ್‌ಟೌನಿನ ಗುಡ್‌ಮನ್. ಕಪ್ಪು ಜನರ ಬದುಕಿನ ಬಗ್ಗೆ ಆಗಸ್ಟ್ ವಿಲ್ಸನ್ ಬರೆದ ಹತ್ತು ನಾಟಕಗಳ ಮಾಲೆಯನ್ನು ಪೂರ್ತಿ ಆಡಿದ ರಂಗಮಂದಿರ. ಸೌತ್ ಸೈಡಿನಲ್ಲೇ ಬೆಳೆದ ಲೊರೇನ್ ಹಾನ್ಸ್‌ಬೆರಿ ಅವರ 'ಎ ರೈಸಿನ್ ಇನ್ ದ ಸನ್' ಎಲ್ಲಾದರೂ ಆಡುತ್ತಿದ್ದರೆ ಬಿಡಬೇಡಿ. 1959ರ ಈ ನಾಟಕ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡ ಕಪ್ಪು ಕುಟುಂಬದ ಕಥೆ. ಲೊರೇನ್ ಹುಡುಗಿಯಾಗಿದ್ದಾಗ ಅವರ ತಂದೆ ಅಂಥದ್ದೇ ಮನೆಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1940ರಲ್ಲಿ ಕೇಸು ಗೆದ್ದಿದ್ದರು. ಆ ಮನೆ ಸೌತ್ ರೋಡ್ಸ್ ಅವೆನ್ಯೂ 6140ರಲ್ಲಿ ಇನ್ನೂ ಇದೆ, ರಸ್ತೆಯಿಂದಲೇ ನೋಡಿ. ಟಿಕೆಟಿಗೆ ಹಾಟ್ ಟಿಕ್ಸ್‌ನಲ್ಲಿ ರಿಯಾಯಿತಿ ಹುಡುಕಿ. ಹಿರಿಯರಿಗೆ ಮಧ್ಯಾಹ್ನದ ಆಟವೇ ಅನುಕೂಲ.

ಊಟಕ್ಕೆ ಬಂದರೆ, ದಕ್ಷಿಣದ ಅಡುಗೆಯಲ್ಲಿ ಸೊಪ್ಪಿಗೂ ಹಂದಿಮಾಂಸ ಹಾಕಿ ಬೇಯಿಸುವುದುಂಟು. ಸಸ್ಯಾಹಾರಿಗಳು ಕೇಳಿಯೇ ತಿನ್ನಿ.

ಹೋಗುವ ತಿಂಗಳು ನಿಮ್ಮ ಕೈಯಲ್ಲಿದ್ದರೆ ಜೂನ್ ಆರಿಸಿ. ಮಡ್ಡಿ ವಾಟರ್ಸ್ ತೀರಿಕೊಂಡ ಮರುವರ್ಷ, 1984ರಲ್ಲಿ ಶುರುವಾದ ಶಿಕಾಗೋ ಬ್ಲೂಸ್ ಫೆಸ್ಟಿವಲ್ ಆಗಲೇ ನಡೆಯುತ್ತದೆ. ಮಿಲೇನಿಯಂ ಪಾರ್ಕಿನಲ್ಲಿ, ಪ್ರವೇಶ ಉಚಿತ. ಹುಲ್ಲಿನ ಮೇಲೆ ಹಾಸಲು ಒಂದು ಬೆಡ್‌ಶೀಟ್, ನೀರಿನ ಬಾಟಲಿ, ಸಂಜೆಯ ಸರೋವರದ ಗಾಳಿಗೆ ತೆಳ್ಳಗಿನ ಸ್ವೆಟರ್ ಚೀಲದಲ್ಲಿರಲಿ.